ಓಡುತ್ತಿರುವ ಕರ್ನೆಲ್‌ನಲ್ಲಿ ಐದು ಬೈಟ್ ಬದಲಿಸಿದ ನನ್ನ ಅನುಭವ

ಕಡತ ಓದಲು ಲಿನಕ್ಸ್ ಕರ್ನೆಲ್ (ವ್ಯವಸ್ಥೆಯ ತಿರುಳಾದ ತಂತ್ರಾಂಶ) ಬಳಸುವ ವಿಎಫ್‌ಎಸ್_ರೀಡ್ ಎಂಬ ಫಂಕ್ಷನ್ ಅನ್ನು ನಾನು ಮೊದಲ ಸಲ ಎರಡು ಕಡೆಯಿಂದ ತೆರೆದು ನೋಡಿದಾಗ ಎರಡೂ ಒಂದೇ ಆಗಿರಲಿಲ್ಲ. ಡಿಸ್ಕ್‌ನಲ್ಲಿದ್ದ ವಿಎಂಲಿನಕ್ಸ್ ಎಂಬ, ಕಂಪೈಲ್ ಆದ ಕರ್ನೆಲ್‌ನ ಕಡತದಲ್ಲಿ ಆ ಫಂಕ್ಷನ್‌ನ ಮೊದಲ ಐದು ಬೈಟ್‌ಗಳು ಹೆಕ್ಸ್‌ನಲ್ಲಿ (ಹದಿನಾರರ ಆಧಾರದ ಅಂಕಿಗಳಲ್ಲಿ) ಇ8 ಎಂದು ಶುರುವಾಗುತ್ತಿದ್ದವು, ಅಂದರೆ ಫೆಂಟ್ರಿ ಎಂಬ ಇನ್ನೊಂದು ಫಂಕ್ಷನ್‌ಗೆ ಕರೆ. ಅದೇ ಕರ್ನೆಲ್ ಓಡುತ್ತಿರುವಾಗ ಅದರ ಮೆಮೊರಿಯನ್ನು ಜಿಡಿಬಿ ಎಂಬ ಡಿಬಗ್ಗರ್‌ನಲ್ಲಿ ಓದಿದರೆ ಅದೇ ವಿಳಾಸದಲ್ಲಿ 0ಎಫ್ 1ಎಫ್ 44 00 00 ಎಂಬ ಐದು ಬೈಟ್‌ಗಳಿದ್ದವು. ಇದು ಎಕ್ಸ್86 ಬಗೆಯ ಸಿಪಿಯುಗಳಲ್ಲಿ ಏನನ್ನೂ ಮಾಡದ ಒಂದು ಇನ್‌ಸ್ಟ್ರಕ್ಷನ್, ನಾವು ನಾಪ್ ಎನ್ನುವುದು. ಕಂಪೈಲರ್ ಇಟ್ಟ ಕರೆಯನ್ನು ಯಾರೋ ಅಳಿಸಿ ನಾಪ್ ಬರೆದಿದ್ದರು. ಹಾಗೆ ಬರೆದದ್ದು ಕರ್ನೆಲ್ ತಾನೇ, ಬೂಟ್ ಆಗುವ ಹೊತ್ತಿನಲ್ಲಿ. ಅದಕ್ಕೆ ಕಾರಣ ಎಫ್‌ಟ್ರೇಸ್ ಎಂಬ ಫಂಕ್ಷನ್ ಟ್ರೇಸಿಂಗ್ ವ್ಯವಸ್ಥೆ, ಅಂದರೆ ಯಾವ ಫಂಕ್ಷನ್ ಯಾವಾಗ ನಡೆಯಿತೆಂದು ದಾಖಲಿಸುವುದು. ಟ್ರೇಸಿಂಗ್ ಬೇಡದಾಗ ಅಲ್ಲಿ ನಾಪ್ ಇರುತ್ತದೆ, ಬೇಕಾದಾಗ ಎಫ್‌ಟ್ರೇಸ್ ಅದೇ ಜಾಗದಲ್ಲಿ ತನ್ನ ಕರೆಯನ್ನು ಬರೆಯುತ್ತದೆ.

ಆಗ ನಾನು ಬೆಂಗಳೂರಿನಲ್ಲಿ ಸ್ಟೋರೇಜ್ ತಂತ್ರಾಂಶ ಬರೆಯುವ ಒಂದು ತಂಡದಲ್ಲಿದ್ದೆ. ಗ್ರಾಹಕರ ಯಂತ್ರವೊಂದರಲ್ಲಿ ಡಿಸ್ಕಿಗೆ ಬರೆಯುವ ಕರೆಗಳು ಆಗಾಗ ಕಾರಣವಿಲ್ಲದೆ ಬಹಳ ಹೊತ್ತು ನಿಲ್ಲುತ್ತಿದ್ದವು, ಮತ್ತು ಆ ಯಂತ್ರವನ್ನು ರೀಬೂಟ್ ಮಾಡುವ ಅನುಮತಿ ನಮಗಿರಲಿಲ್ಲ. ಹೊಸ ಕರ್ನೆಲ್ ಹಾಕುವಂತಿಲ್ಲ, ಓಡುತ್ತಿರುವುದರ ಒಳಗೇ ಇಣುಕಬೇಕು. ಎಫ್‌ಟ್ರೇಸ್ ಇದೆಯೆಂದು ಗೊತ್ತಿದ್ದರೂ, ಅದು ಒಳಗೆ ಏನು ಮಾಡುತ್ತದೆಂದು ತಿಳಿಯದೆ ಬೇರೆಯವರ ಯಂತ್ರದಲ್ಲಿ ಅದನ್ನು ಚಾಲೂ ಮಾಡಲು ನನಗೆ ಧೈರ್ಯ ಬರಲಿಲ್ಲ. ಆದ್ದರಿಂದ ಅದೇ ಕೆಲಸವನ್ನು ನನ್ನ ಲ್ಯಾಪ್‌ಟಾಪಿನ ವರ್ಚುವಲ್ ಯಂತ್ರದಲ್ಲಿ ಮೊದಲು ಕೈಯಾರೆ ಮಾಡಿ ನೋಡೋಣವೆಂದು ಕೂತೆ. ಕೈ ಸುಟ್ಟುಕೊಂಡೇ ಕಲಿಯುವ ಹಠ ಅದು, ಆದರೆ ಸುಟ್ಟದ್ದು ವರ್ಚುವಲ್ ಯಂತ್ರವಾದ್ದರಿಂದ ಯಾರಿಗೂ ನಷ್ಟವಾಗಲಿಲ್ಲ.

ನನ್ನ ಮೊದಲ ಮಾಡ್ಯೂಲ್, ಅಂದರೆ ಓಡುತ್ತಿರುವ ಕರ್ನೆಲ್‌ಗೆ ಸೇರಿಸಬಹುದಾದ ಕೋಡ್ ತುಂಡು, ತೀರ ಸರಳವಾಗಿತ್ತು. ಕರ್ನೆಲ್‌ನ ಕೋಡ್ ಇರುವ ಪುಟಗಳು ಓದಲು ಮಾತ್ರ ಇರುವಂಥವು; ಅದು 4.x ಸರಣಿಯ ಹಳೆಯ ಕರ್ನೆಲ್ ಆಗಿದ್ದರಿಂದ ಸಿಪಿಯುವಿನ ಬರವಣಿಗೆ ರಕ್ಷಣೆಯ ಬಿಟ್ ಅನ್ನು ಕ್ಷಣಕಾಲ ತೆಗೆದು, ನಾಪ್ ಇದ್ದ ಜಾಗದಲ್ಲಿ ನನ್ನ ಫಂಕ್ಷನ್‌ಗೆ ಹೋಗುವ ಕರೆಯ ಐದು ಬೈಟ್‌ಗಳನ್ನು ಒಂದು ಲೂಪಿನಲ್ಲಿ ಒಂದೊಂದಾಗಿ ಬರೆದು, ಬಿಟ್ ಅನ್ನು ಮತ್ತೆ ಹಾಕಿದೆ. ಒಂದೇ ಸಿಪಿಯು ಇರುವ ವರ್ಚುವಲ್ ಯಂತ್ರದಲ್ಲಿ ಇದು ನೂರಾರು ಸಲ ಸರಿಯಾಗಿ ನಡೆಯಿತು. ಸಿಪಿಯುಗಳನ್ನು ನಾಲ್ಕು ಮಾಡಿ, ಕಡತಗಳನ್ನು ಸತತವಾಗಿ ಓದುವ ಒಂದು ಕಾರ್ಯಕ್ರಮವನ್ನು ಹಿನ್ನೆಲೆಯಲ್ಲಿ ಬಿಟ್ಟು ಮತ್ತೆ ಓಡಿಸಿದಾಗ ಕೆಲವೇ ನಿಮಿಷಗಳಲ್ಲಿ ಕರ್ನೆಲ್ ಊಪ್ಸ್ ಎಂಬ ದೋಷ ಸಂದೇಶ ಬರೆದು ಸತ್ತಿತು.

ಆ ಊಪ್ಸ್ ಸಂದೇಶ ನನಗೆ ಯಾವ ಪುಸ್ತಕಕ್ಕಿಂತ ಹೆಚ್ಚು ಕಲಿಸಿತು. ಸತ್ತ ಜಾಗವು ವಿಎಫ್‌ಎಸ್_ರೀಡ್‌ನಲ್ಲೂ ಇರಲಿಲ್ಲ, ನನ್ನ ಮಾಡ್ಯೂಲಿನಲ್ಲೂ ಇರಲಿಲ್ಲ. ಕಡತ ಓದುವುದಕ್ಕೂ ತನಗೂ ಸಂಬಂಧವೇ ಇಲ್ಲದ ಇನ್ನಾವುದೋ ಫಂಕ್ಷನ್‌ನ ನಟ್ಟನಡುವೆ ಇತ್ತು. ಆದರೆ ಕರೆ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂದು ಬರೆದಿಡುವ ಸ್ಟ್ಯಾಕ್‌ನ ತುದಿಯಲ್ಲಿದ್ದ ಹಿಂದಿರುಗುವ ವಿಳಾಸ ಮಾತ್ರ ನಾನು ತಿದ್ದಿದ ಜಾಗದಿಂದ ಸರಿಯಾಗಿ ಐದು ಬೈಟ್ ಮುಂದಿನದಾಗಿತ್ತು. ಎರಡೂ ವಿಳಾಸಗಳನ್ನು ಕಳೆದು ನೋಡಿದೆ: ಅಂತರ 17439ಕ್ಕಿಂತ ಕೆಲವೇ ಬೈಟ್ ಜಾಸ್ತಿ. ಹೆಕ್ಸ್‌ನಲ್ಲಿ 17439 ಎಂದರೆ 441ಎಫ್. ಅಲ್ಲಿಗೆ ಕಥೆ ಬಯಲಾಯಿತು. ನನ್ನ ಲೂಪ್ ಮೊದಲ ಬೈಟ್ ಇ8 ಅನ್ನು ಬರೆದು ಮುಗಿಸಿ ಎರಡನೆಯದನ್ನು ಬರೆಯುವ ಮೊದಲೇ ಇನ್ನೊಂದು ಸಿಪಿಯು ಆ ಜಾಗಕ್ಕೆ ಬಂದಿತ್ತು, ಮತ್ತು ಅದು ಓದಿದ್ದು ಇ8 1ಎಫ್ 44 00 00. ತಲೆ ಕರೆಯದು, ಬಾಲ ನಾಪ್‌ನದು. ಎಕ್ಸ್86 ಸಂಖ್ಯೆಯ ಬೈಟ್‌ಗಳನ್ನು ಹಿಂದುಮುಂದಾಗಿ ಇಡುವುದರಿಂದ 1ಎಫ್ 44 00 00 ಎಂದರೆ 441ಎಫ್. ಸಿಪಿಯುವಿನ ಮಟ್ಟಿಗೆ ಇದು ಪೂರ್ತಿ ಸಿಂಧುವಾದ ಇನ್‌ಸ್ಟ್ರಕ್ಷನ್: ಇಲ್ಲಿಂದ 17439 ಬೈಟ್ ಆಚೆಗೆ ಹಾರು ಎಂದು. ಅದು ಹೇಳಿದ್ದನ್ನು ಮಾಡಿತು. ಹಾರಿದ ಕಡೆ ಒಂದೆರಡು ಇನ್‌ಸ್ಟ್ರಕ್ಷನ್ ನಡೆಸಿ ಸತ್ತಿತು.

ಹಾಗಾದರೆ ಐದೂ ಬೈಟ್‌ಗಳನ್ನು ಒಂದೇ ಏಟಿಗೆ ಬರೆದರೆ ಆಯಿತಲ್ಲ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು, ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆ ಐದು ಬೈಟ್‌ಗಳು ಎರಡು ಕ್ಯಾಶ್ ಲೈನ್‌ಗಳ (ಸಿಪಿಯು ಒಂದೊಂದು ಸಲಕ್ಕೆ ಎಳೆದುಕೊಳ್ಳುವ ಮೆಮೊರಿ ತುಂಡುಗಳ) ಗಡಿಯ ಮೇಲೆ ಬಿದ್ದಿರಬಹುದು, ಆಗ ಒಂದೇ ಬರವಣಿಗೆಯೂ ಎರಡು ತುಂಡಾಗಿಯೇ ಇನ್ನೊಂದು ಸಿಪಿಯುವಿಗೆ ಕಾಣುತ್ತದೆ. ಗಡಿ ದಾಟದಿದ್ದರೂ, ಬೇರೆ ಸಿಪಿಯು ಅಲ್ಲಿಯ ಹಳೆಯ ಬೈಟ್‌ಗಳನ್ನು ಮುಂಚೆಯೇ ಎಳೆದುಕೊಂಡು ಬಿಡಿಸುತ್ತಾ ಕೂತಿರಬಹುದು. ಒಂದು ಸಿಪಿಯು ನಡೆಸುತ್ತಿರುವ ಕೋಡ್ ಅನ್ನು ಇನ್ನೊಂದು ಸಿಪಿಯು ಬದಲಿಸುವಾಗ, ನಡೆಸುತ್ತಿರುವ ಸಿಪಿಯು ತನ್ನ ಪೈಪ್‌ಲೈನ್ (ಮುಂಚೆಯೇ ಎಳೆದುಕೊಂಡ ಇನ್‌ಸ್ಟ್ರಕ್ಷನ್‌ಗಳ ಸಾಲು) ಖಾಲಿ ಮಾಡಿ ಹೊಸದಾಗಿ ಓದುವಂತೆ ನೋಡಿಕೊಳ್ಳುವ ಹೊಣೆ ತಂತ್ರಾಂಶದ್ದೇ ಎಂದು ತಯಾರಕರ ಕೈಪಿಡಿಗಳು ಹೇಳುತ್ತವೆ.

ನನ್ನ ಎರಡನೆಯ ಆವೃತ್ತಿ ಸ್ಟಾಪ್_ಮಷೀನ್ ಎಂಬ ಕರ್ನೆಲ್ ಸೌಲಭ್ಯವನ್ನು ಬಳಸಿತು. ಅದು ಉಳಿದೆಲ್ಲ ಸಿಪಿಯುಗಳನ್ನು ಇಂಟರಪ್ಟ್ (ಕೆಲಸವನ್ನು ನಡುವೆ ತಡೆಯುವ ಸಂಕೇತ) ಮುಚ್ಚಿಸಿ ಒಂದು ಕಡೆ ಸುಮ್ಮನೆ ಸುತ್ತುವಂತೆ ನಿಲ್ಲಿಸುತ್ತದೆ, ಒಂದೇ ಸಿಪಿಯು ಕೆಲಸ ಮಾಡುತ್ತದೆ, ಆಮೇಲೆ ಎಲ್ಲವನ್ನೂ ಬಿಡುತ್ತದೆ. ಎಫ್‌ಟ್ರೇಸ್ ಕೂಡ ಎಕ್ಸ್86ರಲ್ಲಿ ಮೊದಲ ಕೆಲವು ವರ್ಷ ಹೀಗೆಯೇ ನಡೆಯುತ್ತಿತ್ತು. ಊಪ್ಸ್ ನಿಂತಿತು. ಆದರೆ ಈ ದಾರಿಗೂ ಎರಡು ತೂತುಗಳಿವೆ, ಅವುಗಳನ್ನು ಹಳೆಯ ಎಫ್‌ಟ್ರೇಸ್ ಕೋಡ್ ಓದಿ ತಿಳಿದುಕೊಂಡೆ. ಮೊದಲನೆಯದು ಎನ್‌ಎಂಐ, ಅಂದರೆ ಮುಚ್ಚಲಾಗದ ಇಂಟರಪ್ಟ್: ಸಿಪಿಯು ನಿಂತಿದ್ದರೂ ಅದು ಬಂದೇ ಬರುತ್ತದೆ, ಮತ್ತು ಅದನ್ನು ನಿಭಾಯಿಸುವ ಕೋಡ್ ಆದ ಹ್ಯಾಂಡ್ಲರ್ ನೀವು ತಿದ್ದುತ್ತಿರುವ ಫಂಕ್ಷನ್ ಅನ್ನೇ ಕರೆಯಬಹುದು. ಇದಕ್ಕೆ ಹಳೆಯ ಎಫ್‌ಟ್ರೇಸ್ ಕಂಡುಕೊಂಡಿದ್ದ ಉಪಾಯ ನನಗೆ ಬಹಳ ಹಿಡಿಸಿತು. ತಿದ್ದುವ ಕೆಲಸ ನಡೆದಿರುವಾಗ ಎನ್‌ಎಂಐ ಬಂದರೆ ಆ ಸಿಪಿಯುವೂ ಮೊದಲು ಅದೇ ಬೈಟ್‌ಗಳನ್ನು ಅದೇ ಜಾಗಕ್ಕೆ ಬರೆದು ಮುಂದೆ ಹೋಗುತ್ತದೆ; ಇಬ್ಬರೂ ಬರೆಯುವುದು ಒಂದನ್ನೇ ಆದ್ದರಿಂದ ಯಾರು ಮೊದಲು ಬರೆದರೂ ಬಾಧಕವಿಲ್ಲ.

ಎರಡನೆಯ ತೂತು ಇನ್ನೂ ಸೂಕ್ಷ್ಮವಾದದ್ದು. ಸಿಪಿಯುಗಳನ್ನು ನಿಲ್ಲಿಸಬಹುದು, ಆದರೆ ಅರ್ಧದಲ್ಲಿ ಸಿಪಿಯು ಕಳೆದುಕೊಂಡು ಸರದಿಯಲ್ಲಿ ಮಲಗಿರುವ ಟಾಸ್ಕ್‌ಗಳನ್ನು (ಅರ್ಧ ನಡೆದ ಕಾರ್ಯಕ್ರಮಗಳನ್ನು) ಎಲ್ಲಿ ನಿಲ್ಲಿಸುವುದು? ಐದು ಬೈಟ್‌ಗಳ ಜಾಗವನ್ನು ಎರಡು ಬೈಟ್‌ನದೊಂದು ಮತ್ತು ಮೂರು ಬೈಟ್‌ನದೊಂದು ನಾಪ್‌ನಿಂದ ತುಂಬಿದ್ದೀರಿ ಎಂದುಕೊಳ್ಳಿ. ಮೊದಲ ನಾಪ್ ಮುಗಿಸಿದ ಟಾಸ್ಕ್ ಒಂದನ್ನು ಸರದಿ ಹಂಚುವ ಶೆಡ್ಯೂಲರ್ ಅಲ್ಲಿಯೇ ತಡೆದು ಸರದಿಗೆ ಕಳಿಸಿದರೆ, ಅದು ಮರಳುವ ವಿಳಾಸ ಐದು ಬೈಟ್‌ಗಳ ನಡುವಿನದು. ಅಷ್ಟರಲ್ಲಿ ನೀವು ಕರೆ ಬರೆದಿದ್ದರೆ, ಅದು ಕರೆಯ ಹೊಟ್ಟೆಯೊಳಗೆ ಬಂದು ಬೀಳುತ್ತದೆ. ಆದ್ದರಿಂದಲೇ ಎಫ್‌ಟ್ರೇಸ್ ಬರೆಯುವ ನಾಪ್ ಐದು ಬೈಟ್ ಉದ್ದದ ಒಂದೇ ಇನ್‌ಸ್ಟ್ರಕ್ಷನ್ ಆಗಿರಲೇಬೇಕು. 0ಎಫ್ 1ಎಫ್ 44 00 00 ಎಂಬ ಆಯ್ಕೆ ಚೆಂದಕ್ಕಾಗಿ ಮಾಡಿದ್ದಲ್ಲ.

ಅದಲ್ಲದೆ ಸ್ಟಾಪ್_ಮಷೀನ್ ದುಬಾರಿ. ನನ್ನ ಕರ್ನೆಲ್‌ನಲ್ಲಿ ಹೀಗೆ ತಿದ್ದಬಹುದಾದ ಜಾಗಗಳು ನಲವತ್ತು ಸಾವಿರಕ್ಕೂ ಹೆಚ್ಚಿದ್ದವು. ಅಷ್ಟನ್ನೂ ತಿದ್ದಿ ಮುಗಿಸುವವರೆಗೆ ಇಡೀ ಯಂತ್ರ ಉಸಿರು ಹಿಡಿದು ನಿಲ್ಲಬೇಕು. ವಿಳಂಬವನ್ನು ಹುಡುಕಲು ಹೋಗಿ ನಾವೇ ವಿಳಂಬ ಹುಟ್ಟಿಸಿದಂತೆ.

2012ರಲ್ಲಿ ಬಂದ 3.5 ಆವೃತ್ತಿಯಿಂದ ಎಕ್ಸ್86ರ ಎಫ್‌ಟ್ರೇಸ್ ಯಾರನ್ನೂ ನಿಲ್ಲಿಸುವುದಿಲ್ಲ. ಅದು ಬಳಸುವುದು ಡಿಬಗ್ಗರ್‌ಗಳ ಹಳೆಯ ಅಸ್ತ್ರವಾದ ಬ್ರೇಕ್‌ಪಾಯಿಂಟ್ ಅನ್ನು, ಹೆಕ್ಸ್‌ನಲ್ಲಿ ಸಿಸಿ ಎಂಬ ಒಂದೇ ಬೈಟ್‌ನ ಇನ್‌ಸ್ಟ್ರಕ್ಷನ್ ಅದು. ನನ್ನ ಮೂರನೆಯ ಆವೃತ್ತಿಯಲ್ಲಿ ಇದನ್ನು ಹಂತಹಂತವಾಗಿ ಬರೆದು, ಪ್ರತಿ ಹಂತದ ನಡುವೆ ಬೇಕೆಂದೇ ದೀರ್ಘ ವಿರಾಮ ಕೊಟ್ಟು ನೋಡಿದೆ. ಮೊದಲು ನಾಪ್‌ನ ಮೊದಲ ಬೈಟ್‌ನ ಮೇಲೆ ಮಾತ್ರ ಸಿಸಿ ಬರೆಯುವುದು. ಈಗ ಅಲ್ಲಿರುವುದು ಸಿಸಿ 1ಎಫ್ 44 00 00. ಒಂದೇ ಬೈಟ್ ಆದ್ದರಿಂದ ಯಾವ ಸಿಪಿಯುವಿಗೂ ಅದು ಅರ್ಧ ಕಾಣುವ ಪ್ರಶ್ನೆಯಿಲ್ಲ. ಆಮೇಲೆ ಎಲ್ಲ ಸಿಪಿಯುಗಳಿಗೂ ಒಂದೊಂದು ಇಂಟರಪ್ಟ್ ಕಳಿಸಿ ಅವು ಪೈಪ್‌ಲೈನ್ ಖಾಲಿ ಮಾಡಿದವೆಂದು ಖಚಿತಪಡಿಸಿಕೊಳ್ಳುವುದು. ಇಲ್ಲಿಂದ ಮುಂದೆ ಯಾರೇ ಈ ಜಾಗಕ್ಕೆ ಬಂದರೂ ಸಿಸಿಗೆ ಎಡವಿ ಟ್ರ್ಯಾಪ್ ಹ್ಯಾಂಡ್ಲರ್‌ಗೆ ಹೋಗುತ್ತಾರೆಯೇ ಹೊರತು ಉಳಿದ ನಾಲ್ಕು ಬೈಟ್‌ಗಳನ್ನು ನೋಡುವುದೇ ಇಲ್ಲ. ಯಾರೂ ನೋಡದ ಆ ನಾಲ್ಕನ್ನು ಈಗ ನಿಧಾನವಾಗಿ ಬರೆಯಬಹುದು. ಮತ್ತೆ ಎಲ್ಲ ಸಿಪಿಯುಗಳಿಗೂ ಇಂಟರಪ್ಟ್. ಕೊನೆಗೆ ಸಿಸಿ ತೆಗೆದು ಇ8 ಬರೆಯುವುದು, ಮತ್ತೊಮ್ಮೆ ಇಂಟರಪ್ಟ್.

ಎರಡು ಹಂತಗಳ ನಡುವೆ ಪೂರ್ತಿ ಹತ್ತು ಸೆಕೆಂಡ್ ಬಿಟ್ಟರೂ ಹಿನ್ನೆಲೆಯ ಕಾರ್ಯಕ್ರಮ ನಿಧಾನವಾಗಿಯಾದರೂ ನಡೆಯುತ್ತಲೇ ಇತ್ತು. ಅದನ್ನು ನೋಡುತ್ತಾ ಕೂತಾಗ ಇಡೀ ವಿದ್ಯೆಯ ಗುಟ್ಟು ನನಗೆ ಹೊಳೆಯಿತು: ಇಲ್ಲಿ ವೇಗವಾಗಿ ಬರೆದು ಮುಗಿಸುವುದು ಮುಖ್ಯವೇ ಅಲ್ಲ, ಬರೆಯುವ ಪ್ರತಿ ಹಂತದಲ್ಲೂ ಅಲ್ಲಿರುವುದು ನಡೆಯಬಲ್ಲ ಕೋಡ್ ಆಗಿರುವುದು ಮುಖ್ಯ. ನನ್ನ ಮೊದಲ ಮಾಡ್ಯೂಲಿನಲ್ಲಿ ಮೊದಲಿನ ಸ್ಥಿತಿಯೂ ಕೊನೆಯ ಸ್ಥಿತಿಯೂ ಸರಿಯಾಗಿದ್ದವು. ನಡುವಿನ ನಾಲ್ಕು ಸ್ಥಿತಿಗಳ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

ಟ್ರ್ಯಾಪ್‌ಗೆ ಸಿಕ್ಕವರನ್ನು ಹ್ಯಾಂಡ್ಲರ್ ಏನು ಮಾಡಬೇಕು ಎಂಬುದೂ ಒಂದು ಪ್ರಶ್ನೆ. ಮೊದಮೊದಲು ಎಫ್‌ಟ್ರೇಸ್ ಅವರನ್ನು ಐದು ಬೈಟ್ ದಾಟಿಸಿ, ಅಂದರೆ ನಾಪ್ ಇದ್ದಂತೆಯೇ ಭಾವಿಸಿ ಮುಂದೆ ಕಳಿಸುತ್ತಿತ್ತು. ಟ್ರೇಸಿಂಗ್‌ಗೆ ಅದು ಸಾಕು, ಒಂದು ಕರೆ ದಾಖಲಾಗದೆ ಹೋದರೆ ಆಕಾಶ ಬೀಳುವುದಿಲ್ಲ. ಆದರೆ 4.0 ಆವೃತ್ತಿಯಲ್ಲಿ ಬಂದ ಲೈವ್‌ಪ್ಯಾಚ್ ಇದೇ ಐದು ಬೈಟ್‌ಗಳ ಮೇಲೆ ನಿಂತಿದೆ. ಅದು ದೋಷವಿರುವ ಫಂಕ್ಷನ್‌ನಿಂದ ತಿದ್ದಿದ ಫಂಕ್ಷನ್‌ಗೆ ದಾರಿ ತಿರುಗಿಸುತ್ತದೆ. ಅಲ್ಲಿ ಒಂದು ಕರೆ ತಪ್ಪಿದರೂ ಹಳೆಯ ದೋಷದ ಕೋಡ್ ನಡೆದುಬಿಡುತ್ತದೆ. ಹೀಗಾಗಿ 2019ರಲ್ಲಿ ಹ್ಯಾಂಡ್ಲರ್ ಬದಲಾಯಿತು: ಸ್ಟ್ಯಾಕ್‌ನಲ್ಲಿ ಹಿಂದಿರುಗುವ ವಿಳಾಸವನ್ನು ತಾನೇ ಇಟ್ಟು, ಕರೆ ನಡೆದಿದ್ದರೆ ಏನಾಗುತ್ತಿತ್ತೋ ಅದನ್ನೇ ಅದು ಅನುಕರಿಸುತ್ತದೆ.

ಬರೆಯುವ ಮೊದಲು ಅಲ್ಲಿ ಏನಿದೆ ಎಂದು ಓದಿ ನೋಡಬೇಕೆಂಬ ನಿಯಮದ ಹಿಂದೆ ಒಂದು ಕಹಿ ಘಟನೆಯಿದೆ, ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಅದನ್ನು ತಪ್ಪದೆ ಹೇಳುತ್ತೇನೆ. ಸ್ಟೀವನ್ ರೋಸ್ಟೆಟ್ ಅವರು ಬರೆದ ಎಫ್‌ಟ್ರೇಸ್ ಕರ್ನೆಲ್‌ಗೆ ಸೇರಿದ್ದು 2008ರ 2.6.27 ಆವೃತ್ತಿಯಲ್ಲಿ. ಆಗ ತಿದ್ದಬೇಕಾದ ಜಾಗಗಳ ಪಟ್ಟಿ ಕಂಪೈಲ್ ಮಾಡುವಾಗ ಸಿದ್ಧವಾಗುತ್ತಿರಲಿಲ್ಲ. ಫಂಕ್ಷನ್‌ಗಳು ನಡೆದಂತೆಲ್ಲ ಅವುಗಳ ವಿಳಾಸಗಳನ್ನು ಗುರುತು ಹಾಕಿಕೊಂಡು, ಆಗಾಗ ಎಚ್ಚರಗೊಳ್ಳುವ ಒಂದು ಕರ್ನೆಲ್ ಥ್ರೆಡ್ ಅವನ್ನು ನಾಪ್ ಮಾಡುತ್ತಿತ್ತು. ವಿಳಾಸ ಗುರುತು ಹಾಕಿಕೊಂಡ ಮೇಲೆ ಆ ಕೋಡ್ ಇದ್ದ ಮೆಮೊರಿ ಬಿಡುಗಡೆಯಾಗಿ ಬೇರೆ ಕೆಲಸಕ್ಕೆ ಹೋಗಿರಬಹುದಲ್ಲ? ಹಾಗೆಯೇ ಆಯಿತು. ಆ ಆವೃತ್ತಿಯ ಪರೀಕ್ಷಾ ಹಂತದಲ್ಲಿ ಕೆಲವರ ಯಂತ್ರಗಳಲ್ಲಿ ಇ1000ಇ ಎಂಬ ಚಾಲಕದ (ಡ್ರೈವರ್‌ನ) ನೆಟ್‌ವರ್ಕ್ ಕಾರ್ಡ್‌ಗಳ ಶಾಶ್ವತ ಮೆಮೊರಿ ಕೆಟ್ಟು ಕಾರ್ಡ್‌ಗಳೇ ನಿಷ್ಕ್ರಿಯವಾದವು. ಎಲ್ಲರೂ ಮೊದಲು ಸಂಶಯಪಟ್ಟಿದ್ದು ಚಾಲಕವನ್ನೇ. ನಿಜದಲ್ಲಿ ಎಫ್‌ಟ್ರೇಸ್ ಗುರುತು ಹಾಕಿಕೊಂಡಿದ್ದ ವಿಳಾಸಕ್ಕೆ ಆಮೇಲೆ ಕಾರ್ಡ್‌ನ ಮೆಮೊರಿ ಮ್ಯಾಪ್ ಆಗಿತ್ತು. ಎಫ್‌ಟ್ರೇಸ್ ಹೋಲಿಸಿ ನೋಡಿಯೇ ಬದಲಿಸುತ್ತಿತ್ತು, ಆದರೆ ಅದಕ್ಕೆ ಬಳಸಿದ ಕಾಂಪೇರ್-ಎಕ್ಸ್‌ಚೇಂಜ್ ಇನ್‌ಸ್ಟ್ರಕ್ಷನ್ ಹೋಲಿಕೆ ಸೋತಾಗಲೂ ಹಳೆಯ ಮೌಲ್ಯವನ್ನೇ ವಾಪಸು ಬರೆಯುತ್ತದೆ. ಸಾಮಾನ್ಯ ಮೆಮೊರಿಯಲ್ಲಿ ಅದರಿಂದ ಏನೂ ಆಗದು. ಸಾಧನದ ಮೆಮೊರಿಯಲ್ಲಿ ಬರವಣಿಗೆಯೆಂದರೆ ಅದೊಂದು ಆಜ್ಞೆ. 2.6.27.1ರಲ್ಲಿ ಈ ಸೌಲಭ್ಯವನ್ನೇ ಮುಚ್ಚಲಾಯಿತು. 2.6.28ರಿಂದ ಜಾಗಗಳ ಪಟ್ಟಿಯನ್ನು ಕಂಪೈಲ್ ಹೊತ್ತಿನಲ್ಲೇ ತಯಾರಿಸಿ, ಬೂಟ್ ಆಗುವಾಗ ಉಳಿದ ಸಿಪಿಯುಗಳು ಏಳುವ ಮೊದಲೇ ನಾಪ್ ಮಾಡುವ ಈಗಿನ ವಿಧಾನ ಬಂತು.

ಈಗ ಎಫ್‌ಟ್ರೇಸ್ ಮೊದಲು ಓದುತ್ತದೆ, ನಿರೀಕ್ಷಿಸಿದ ಬೈಟ್‌ಗಳೇ ಇದ್ದರೆ ಮಾತ್ರ ಬರೆಯುತ್ತದೆ, ಇಲ್ಲದಿದ್ದರೆ ಎಚ್ಚರಿಕೆ ಮುದ್ರಿಸಿ ಮುಂದಿನ ರೀಬೂಟ್‌ವರೆಗೆ ತನ್ನನ್ನೇ ಮುಚ್ಚಿಕೊಳ್ಳುತ್ತದೆ. ಇದರ ಬಿಸಿ ನನಗೆ ಇನ್ನೊಂದು ಯಂತ್ರದಲ್ಲಿ ತಟ್ಟಿದೆ. ಅಲ್ಲಿ ಹಾಕಿದ್ದ ಯಾವುದೋ ಭದ್ರತಾ ಮಾಡ್ಯೂಲ್, ನನ್ನ ಮೊದಲ ಮಾಡ್ಯೂಲಿನಂತೆಯೇ, ಕೆಲವು ಫಂಕ್ಷನ್‌ಗಳ ಬಾಗಿಲಲ್ಲಿ ಕದ್ದು ಇ9, ಅಂದರೆ ಜಂಪ್, ಬರೆದಿತ್ತು. ಎಫ್‌ಟ್ರೇಸ್ ನಾಪ್ ಇರುತ್ತದೆಂದು ನೋಡಿದರೆ ಇ9 ಕಂಡಿತು, ತಿದ್ದಲಾಗಲಿಲ್ಲ ಎಂದು ಆ ಬೈಟ್‌ಗಳ ಸಮೇತ ಲಾಗ್‌ಗೆ ಬರೆದು ಬಾಗಿಲು ಹಾಕಿಕೊಂಡಿತು. ಒಂದು ದಿನದ ಕೆಲಸ ಹಾಳಾಯಿತೆಂದು ಸಿಟ್ಟು ಬಂದರೂ, ಅಲ್ಲಿ ಬೇರೆ ಸರಿಯಾದ ನಡೆ ಇರಲಿಲ್ಲ.

ಇಷ್ಟಾದ ಮೇಲೆ ನಾನು ಸ್ವಂತ ತಿದ್ದುಪಡಿಯ ಕೋಡ್ ಎಸೆದು, ಎಫ್‌ಟ್ರೇಸ್‌ನ ಮೂಲಕವೇ ನನ್ನ ಕಾಲ್‌ಬ್ಯಾಕ್ (ಅದು ಪ್ರತಿ ಸಲ ಕರೆಯಬೇಕಾದ ನನ್ನ ಫಂಕ್ಷನ್) ನೋಂದಾಯಿಸುವ ಮಾಡ್ಯೂಲ್ ಬರೆದೆ. ಅದರಲ್ಲೂ ಒಂದು ಸಲ ಬಿದ್ದೆ. ನೋಂದಣಿಯ ಫ್ಲ್ಯಾಗ್‌ಗಳಲ್ಲಿ ರಿಕರ್ಷನ್_ಸೇಫ್, ಅಂದರೆ ತನ್ನನ್ನೇ ಮತ್ತೆ ಕರೆದುಕೊಳ್ಳುವ ಅಪಾಯದಿಂದ ಸುರಕ್ಷಿತ, ಎಂಬುದಿತ್ತು. ಹೆಸರು ನೋಡಿ, ಅದನ್ನು ಹಾಕಿದರೆ ಎಫ್‌ಟ್ರೇಸ್ ನನ್ನನ್ನು ಕಾಪಾಡುತ್ತದೆಂದು ತಿಳಿದೆ. ಅರ್ಥ ತದ್ವಿರುದ್ಧವಾಗಿತ್ತು: ನನ್ನ ಕಾಲ್‌ಬ್ಯಾಕ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ, ನಿಮ್ಮ ಕಾವಲು ಬೇಡ ಎಂದು ನಾನು ಕೊಡುವ ವಚನ ಅದು. ನನ್ನ ಕಾಲ್‌ಬ್ಯಾಕ್ ಕರೆದ ಒಂದು ಸಣ್ಣ ಫಂಕ್ಷನ್ ಕೂಡ ಟ್ರೇಸ್ ಪಟ್ಟಿಯಲ್ಲಿದ್ದುದರಿಂದ ಅದು ಮತ್ತೆ ಕಾಲ್‌ಬ್ಯಾಕ್ ಅನ್ನೇ ಕರೆದು, ಸ್ಟ್ಯಾಕ್ ಮುಗಿಯುವವರೆಗೆ ಸುತ್ತಿತು. ಈ ಗೊಂದಲ ನನ್ನೊಬ್ಬನದೇ ಆಗಿರಲಿಲ್ಲ ಎನ್ನಿಸುತ್ತದೆ, ಏಕೆಂದರೆ 5.11 ಆವೃತ್ತಿಯಲ್ಲಿ ಆ ಫ್ಲ್ಯಾಗ್‌ನ ಅರ್ಥವನ್ನೇ ತಿರುಗಿಸಲಾಯಿತು. ಈಗ ಕಾವಲು ಬೇಕಾದವರು ಅದನ್ನು ಕೇಳಿಕೊಳ್ಳುತ್ತಾರೆ.

ಹಾಕಿದ್ದನ್ನು ತೆಗೆಯುವುದು ಹಾಕುವುದಕ್ಕಿಂತ ಕಷ್ಟ. ನಾಪ್ ವಾಪಸು ಬರೆದ ಮಾತ್ರಕ್ಕೆ ಕಾಲ್‌ಬ್ಯಾಕ್‌ಗೆ ಹೋಗುವ ಟ್ರ್ಯಾಂಪೊಲಿನ್ ಎಂಬ ಸಣ್ಣ ಕೋಡ್ ತುಂಡನ್ನು ಬಿಡುಗಡೆ ಮಾಡುವಂತಿಲ್ಲ. ಯಾವುದೋ ಟಾಸ್ಕ್ ಅದರ ನಡುವೆಯೇ ಸರದಿಗೆ ಹೋಗಿ ಮಲಗಿರಬಹುದು. ನನ್ನ ಎರಡನೆಯ ಆವೃತ್ತಿ ಮಾಡ್ಯೂಲ್ ತೆಗೆಯುವಾಗ ಒಂದೆರಡು ಸಲ ಸತ್ತದ್ದು ಹೀಗೆಯೇ. 3.18ರಲ್ಲಿ ಬಂದ ಆರ್‌ಸಿಯು-ಟಾಸ್ಕ್ಸ್ ಎಂಬ ವ್ಯವಸ್ಥೆ ಪ್ರತಿ ಟಾಸ್ಕ್ ತಾನಾಗಿ ಸಿಪಿಯು ಬಿಟ್ಟುಕೊಡುವವರೆಗೆ ಕಾಯುತ್ತದೆ. ತಾನಾಗಿ ಬಿಟ್ಟುಕೊಟ್ಟ ಟಾಸ್ಕ್ ಟ್ರ್ಯಾಂಪೊಲಿನ್‌ನ ಒಳಗೆ ಇರಲಾರದು, ಏಕೆಂದರೆ ಅಲ್ಲಿ ಬಿಟ್ಟುಕೊಡುವ ಕೋಡೇ ಇಲ್ಲ.

ಗ್ರಾಹಕರ ಯಂತ್ರದಲ್ಲಿ ಕೊನೆಗೆ ನನ್ನ ಮಾಡ್ಯೂಲ್ ಬೇಕಾಗಲೇ ಇಲ್ಲ. ಟ್ರೇಸಿಂಗ್ ಡೈರೆಕ್ಟರಿಯ ಕಡತಗಳೇ ಸಾಕಾದವು: ಮೊದಲು ಸೆಟ್_ಎಫ್‌ಟ್ರೇಸ್_ಫಿಲ್ಟರ್‌ಗೆ ಬೇಕಾದ ಫಂಕ್ಷನ್‌ಗಳ ಹೆಸರು, ಆಮೇಲೆ ಕರೆಂಟ್_ಟ್ರೇಸರ್‌ಗೆ ಫಂಕ್ಷನ್_ಗ್ರಾಫ್, ಅಂದರೆ ಪ್ರತಿ ಫಂಕ್ಷನ್ ಎಷ್ಟು ಹೊತ್ತು ತೆಗೆದುಕೊಂಡಿತೆಂದು ತೋರಿಸುವ ಟ್ರೇಸರ್. ಇಲ್ಲಿ ಒಂದು ಹಳ್ಳವಿದೆ. ಫಿಲ್ಟರ್ ಖಾಲಿಯಿದ್ದರೆ ಯಾವುದೂ ಬೇಡ ಎಂದಲ್ಲ, ಎಲ್ಲವೂ ಬೇಕು ಎಂದರ್ಥ. ಅಭ್ಯಾಸದ ಯಂತ್ರದಲ್ಲಿ ನಾನು ಬರೆದ ಹೆಸರಿನ ಫಂಕ್ಷನ್ ಅನ್ನು ಕಂಪೈಲರ್ ಇನ್‌ಲೈನ್ ಮಾಡಿಬಿಟ್ಟಿತ್ತು (ಕರೆಯುವ ಫಂಕ್ಷನ್‌ನೊಳಗೇ ಬೆರೆಸಿತ್ತು), ಹೆಸರು ಪಟ್ಟಿಯಲ್ಲಿರಲಿಲ್ಲ, ಬರವಣಿಗೆ ವಿಫಲವಾಯಿತು, ನನ್ನ ಸ್ಕ್ರಿಪ್ಟ್ ಆ ದೋಷವನ್ನು ಗಮನಿಸದೆ ಮುಂದೆ ಹೋಗಿ ಟ್ರೇಸರ್ ಚಾಲೂ ಮಾಡಿತು. ನಲವತ್ತು ಸಾವಿರ ಫಂಕ್ಷನ್‌ಗಳೂ ಒಮ್ಮೆಲೇ ಬಾಯಿ ತೆರೆದವು. ಆಗಿನಿಂದ ಟ್ರೇಸರ್ ಹಾಕುವ ಮುನ್ನ ಫಿಲ್ಟರ್ ಅನ್ನು ಮತ್ತೆ ಓದಿ ನೋಡುತ್ತೇನೆ. ಗ್ರಾಹಕರಲ್ಲಿ ಕಂಡ ವಿಳಂಬ ನಮ್ಮದೇ ಚಾಲಕ ಒಂದು ಲಾಕ್ ಹಿಡಿದು ಮಲಗುತ್ತಿದ್ದುದರಿಂದ ಎಂದು ಅರ್ಧ ಗಂಟೆಯಲ್ಲಿ ಗೊತ್ತಾಯಿತು.

ಮುಗಿಸುವಾಗ ಟ್ರೇಸಿಂಗ್_ಆನ್‌ಗೆ ಸೊನ್ನೆ ಬರೆದರೆ ಸಾಲದು, ಅದು ದಾಖಲಿಸುವುದನ್ನು ಮಾತ್ರ ನಿಲ್ಲಿಸುತ್ತದೆ, ಕರೆಗಳು ಹಾಗೆಯೇ ಉಳಿಯುತ್ತವೆ. ಕರೆಂಟ್_ಟ್ರೇಸರ್‌ಗೆ ನಾಪ್ (ಇಲ್ಲಿ ಇದರರ್ಥ ಯಾವ ಟ್ರೇಸರೂ ಬೇಡ) ಎಂದು ಬರೆದು, ಎನೇಬಲ್ಡ್_ಫಂಕ್ಷನ್ಸ್ ಕಡತ ಖಾಲಿಯಾಗಿದೆಯೇ ಎಂದು ನೋಡಿದೆ. ಖಾಲಿಯಾಗಿರಲಿಲ್ಲ. ಒಂದು ಸಾಲು ಉಳಿದಿತ್ತು, ಅದರ ಮುಂದೆ ಆರ್ ಮತ್ತು ಐ ಎಂಬ ಗುರುತುಗಳು. ಐ ಎಂದರೆ ಯಾರೋ ಅಲ್ಲಿಂದ ದಾರಿಯನ್ನೇ ತಿರುಗಿಸಿದ್ದಾರೆ ಎಂದರ್ಥ. ವಿಚಾರಿಸಿದಾಗ, ಯಂತ್ರ ನೋಡಿಕೊಳ್ಳುವವರು ಕೆಲವು ವಾರಗಳ ಹಿಂದೆ ಹಾಕಿದ್ದ ಭದ್ರತಾ ಲೈವ್‌ಪ್ಯಾಚ್ ಅದೆಂದು ತಿಳಿಯಿತು. ನನ್ನ ಸ್ವಚ್ಛಗೊಳಿಸುವ ಸ್ಕ್ರಿಪ್ಟ್‌ನ ಕೊನೆಯ ಸಾಲು ಎಫ್‌ಟ್ರೇಸ್_ಎನೇಬಲ್ಡ್ ಎಂಬ ಕರ್ನೆಲ್ ಆಯ್ಕೆಯನ್ನು ಸೊನ್ನೆ ಮಾಡುತ್ತಿತ್ತು. ಆ ಕರ್ನೆಲ್‌ನಲ್ಲಿ ಅದನ್ನು ಓಡಿಸಿದ್ದರೆ ಲೈವ್‌ಪ್ಯಾಚ್ ಸದ್ದಿಲ್ಲದೆ ಕಳಚಿ, ಮುಚ್ಚಿದ್ದ ರಂಧ್ರ ಮತ್ತೆ ತೆರೆದುಕೊಳ್ಳುತ್ತಿತ್ತು. ಆಮೇಲಿನ ಕರ್ನೆಲ್‌ಗಳು ಲೈವ್‌ಪ್ಯಾಚ್ ಇರುವಾಗ ಹಾಗೆ ಮಾಡಲು ಬಿಡುವುದಿಲ್ಲ. ಆ ಸಾಲನ್ನು ಅಲ್ಲಿಯೇ ಕೂತು ಅಳಿಸಿ, ಉಳಿದದ್ದನ್ನು ಓಡಿಸಿ ಲಾಗ್‌ಔಟ್ ಮಾಡಿದೆ.